ದೊಡ್ಡವ್ವನ ಪದಗಳಿಗೆ ಬರೆದ ಎಕ್ಸ್‌ಟೆನ್ಶನ್

ಅರಕಲಗೂಡಿನಲ್ಲಿರುವ ನಮ್ಮ ದೊಡ್ಡವ್ವ ಸೋಬಾನೆ ಪದ ಹಾಡುತ್ತಾರೆ. ಮಂಡಿನೋವು ಬಂದು ಮದುವೆಮನೆಗಳಿಗೆ ಹೋಗುವುದು ನಿಂತ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತು ಹಾಡತೊಡಗಿದರು. ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಹೆಂಡತಿ, ಅವರ ಕಣ್ಣಿಗೆ ಕಾಣುವಂಥ ದೊಡ್ಡ ಗುಂಡಿಗಳಿಟ್ಟು ರೆಕಾರ್ಡಿಂಗಿಗೆ ಒಂದು ವೆಬ್ ಪುಟ ಮಾಡಿಕೊಟ್ಟಳು. ಆದರೆ ವೆಬ್ ಪುಟ ಕಂಪ್ಯೂಟರಿನ ಫೈಲುಗಳನ್ನು ತನ್ನಿಷ್ಟಕ್ಕೆ ಮುಟ್ಟಲು ಬ್ರೌಸರ್ ಬಿಡುವುದಿಲ್ಲ. ಬ್ರೌಸರಿಗೆ ನಾವೇ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ, ಅಂದರೆ ಎಕ್ಸ್‌ಟೆನ್ಶನ್‌ಗೆ ಮಾತ್ರ ಆ ಅಧಿಕಾರ. ಹಾಗಾಗಿ ಪದಗಳನ್ನು ಫೋಲ್ಡರಿಗೆ ಹಾಕುವ, ಬೇಡದ್ದನ್ನು ಅಳಿಸುವ ಎಕ್ಸ್‌ಟೆನ್ಶನ್ ನನ್ನ ಪಾಲಿಗೆ ಬಂತು.

ದೊಡ್ಡವ್ವನ ಮನೆಯಲ್ಲೇ ಉಳಿದು ಬರೆದೆ. ಪುಟದೊಳಗಿನ ಕೋಡ್ ಅದನ್ನು ಕರೆದು ಕೆಲಸ ಹೇಳಬೇಕಲ್ಲ. ಉಳಿಸುವುದು, ಅಳಿಸುವುದು ಎಲ್ಲವೂ ಇದ್ದ ಆದೇಶಗಳ ಗಂಟನ್ನು, ಅಂದರೆ ಜಾವಾಸ್ಕ್ರಿಪ್ಟ್ ಆಬ್ಜೆಕ್ಟನ್ನು, ಇಡಿಯಾಗಿ ಪುಟದ ಕೈಗೆ ಕೊಟ್ಟುಬಿಟ್ಟೆ. ಗುಂಡಿ ಒತ್ತಿದರೆ ಪದ ಫೋಲ್ಡರಿನಲ್ಲಿ! ಹೆಂಡತಿಗೆ ಎಕ್ಸ್‌ಟೆನ್ಶನ್ ಕಳಿಸಿ, ಫೋನಿನಲ್ಲಿ ಜಂಬ ಕೊಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಅವಳು ಲಿಂಕೊಂದನ್ನು ಕಳಿಸಿ, "ಅವರೆಕಾಳು ಉಪ್ಸಾರು ಮಾಡೋದು ಬರ್ದಿದೀನಿ, ನೋಡ್ರಿ" ಎಂದಳು. ದೊಡ್ಡವ್ವನ ಲ್ಯಾಪ್‌ಟಾಪಿನಲ್ಲೇ ತೆರೆದೆ. ನಿಜಕ್ಕೂ ಉಪ್ಸಾರೇ. ಓದುತ್ತಿರುವಾಗಲೇ ಪದಗಳ ಫೋಲ್ಡರಿನಲ್ಲಿ ಹೊಸ ಫೈಲೊಂದು ಬಂದು ಕೂತಿತು. ಹೆಸರು, 'ಬರುವಾಗ ಬೆಣ್ಣೆ ತನ್ನಿ'.

ನಾನು ಏನನ್ನೂ ಒತ್ತಿರಲಿಲ್ಲ. ಫೋನ್ ಮಾಡಿದೆ.

"ಇದೆಂಗ್ ಮಾಡ್ದೆ?"

"ನೀವೇ ಕೊಟ್ಟಿದೀರಲ್ರೀ! ನಿಮ್ಮ ಆಬ್ಜೆಕ್ಟು ನನ್ನ ರೆಕಾರ್ಡಿಂಗ್ ಪುಟಕ್ಕಷ್ಟೇ ಅಲ್ಲ, ಬ್ರೌಸರಲ್ಲಿ ತೆಗೆದ ಪುಟಕ್ಕೆಲ್ಲಾ ಸಿಗ್ತದೆ. ಉಪ್ಸಾರಿನ ಪುಟದಿಂದ್ಲೇ ಅದನ್ನ ಕರ್ದೆ. ಬೆಣ್ಣೆ ಕೇಳೋ ಬದ್ಲು ದೊಡ್ಡವ್ವನ ಪದ ಎಲ್ಲಾ ಅಳಿಸ್ಬೋದಿತ್ತು."

ಅವಳು ನಗು ತಡೆದುಕೊಂಡಿದ್ದಳು. ನನಗೂ ನಗು ಬಂತು. ಆದರೂ ಮೊದಲು ಪದಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ.

ಸಂಜೆಯ ಬಸ್ಸಿಗೆ ಅವಳೇ ಬಂದಳು. ಇಬ್ಬರೂ ಕೂತು ಆಬ್ಜೆಕ್ಟನ್ನು ತೆಗೆದು, ಅವಳ ರೆಕಾರ್ಡಿಂಗ್ ಪುಟಕ್ಕೆ ಮಾತ್ರ 'ಉಳಿಸು' ಎಂಬ ಒಂದೇ ಫಂಕ್ಷನ್ ಕೊಟ್ಟೆವು. ಅಳಿಸುವುದು ಎಕ್ಸ್‌ಟೆನ್ಶನ್‌ನ ಒಳಗೇ ಉಳಿಯಿತು. ಉಳಿಸುವ ಮುಂಚೆಯೂ ಎಕ್ಸ್‌ಟೆನ್ಶನ್ ಒಮ್ಮೆ ಕೇಳಬೇಕು ಎಂದು ಅವಳು ಹಟ ಹಿಡಿದಳು. ದೊಡ್ಡವ್ವನಿಗೆ ಕಿರಿಕಿರಿ ಎಂದು ನಾನು.

"ಅದೇನ್ಲಾ ಕಿತ್ತಾಡ್ತಿದೀರಾ? ಕೇಳಿದ್ರೆ ಕೇಳ್ಲಿ ಬುಡು, ಯೋಳ್ತೀನಿ" ಎಂದರು ದೊಡ್ಡವ್ವ, ನಮ್ಮಿಬ್ಬರ ಮುಂದೆ ಕಾಫಿ ಇಡುತ್ತಾ.

ಈಗ ಪ್ರತಿ ಪದ ಮುಗಿದಾಗಲೂ 'ಈ ಪದ ಉಳಿಸಲೇ?' ಎಂಬ ಪ್ರಶ್ನೆ ಮೂಡುತ್ತದೆ. ದೊಡ್ಡವ್ವ ಅದನ್ನು ಗಟ್ಟಿಯಾಗಿ ಓದಿ, "ಊಂ ಕಣಪ್ಪ, ಮಡಿಕ್ಕೊ" ಎಂದು ಉತ್ತರ ಕೊಟ್ಟೇ ಗುಂಡಿ ಒತ್ತುತ್ತಾರೆ. ಮೊನ್ನೆ ಹಾಡಿನ ನಡುವೆ ಕೆಮ್ಮು ಬಂದಿತ್ತು. "ಬ್ಯಾಡ ತಡಿ, ಇನ್ನೊಂದ್ಸಲ ಯೋಳ್ತೀನಿ" ಎಂದು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡಿದರು.