ಮೊದಲ ಈಡು ಮರದ್ದು

ದೊಡ್ಡಪ್ಪನ ಬಲಗೆನ್ನೆಯಲ್ಲಿ ಎಳ್ಳು ಚೆಲ್ಲಿದ ಹಾಗೆ ನೀಲಿ ಚುಕ್ಕೆಗಳಿದ್ದವು. ಕೆಲಸ ಕಲಿಯುವ ಕಾಲದಲ್ಲಿ ಕೋವಿಯೊಂದು ಒಡೆದು ಮದ್ದು ಚರ್ಮದೊಳಗೆ ಹೊಕ್ಕದ್ದಂತೆ. ಮಕ್ಕಳು ನಾವು ಮುಟ್ಟಿ ನೋಡುತ್ತಿದ್ದರೆ ಅವರು ಕೆನ್ನೆ ಕೊಟ್ಟು ಸುಮ್ಮನೆ ಕೂರುತ್ತಿದ್ದರು.

ಕುಮಟಾದಲ್ಲಿ ಅವರದು ಕೋವಿ ರಿಪೇರಿಯ ಅಂಗಡಿ. ಹಂದಿ ಕಾಟ ತಾಳಲಾರದ ಗದ್ದೆಯವರು ಹೊನ್ನಾವರ, ಭಟ್ಕಳದಿಂದಲೂ ಲೈಸೆನ್ಸಿನ ಕೋವಿ ಹಿಡಿದು ಬರುತ್ತಿದ್ದರು. ದೊಡ್ಡಪ್ಪನಿಗೆ ಮಾತು ಕಮ್ಮಿ, ಹಟ ಜಾಸ್ತಿ. ರಿಪೇರಿಯಾದ ಕೋವಿಯನ್ನು ಹಿತ್ತಲಿನ ಹಲಸಿನ ಮರಕ್ಕೆ ಬಿಗಿದು, ಟ್ರಿಗರಿಗೆ ಹಗ್ಗ ಕಟ್ಟಿ, ಕಲ್ಲುಗೋಡೆಯ ಹಿಂದೆ ನಿಂತು ಎಳೆಯುತ್ತಿದ್ದರು. ಹಾಗೆ ಒಂದು ಈಡು ಹಾರಿಸದೆ ಯಾರ ಕೈಗೂ ಕೋವಿ ಕೊಟ್ಟವರಲ್ಲ. "ಮೊದಲ ಈಡು ಮರದ್ದು" ಎನ್ನುತ್ತಿದ್ದರು.

ನನ್ನನ್ನು ಮುಟ್ಟಳ್ಳಿಗೆ ಕೊಟ್ಟ ವರ್ಷವೇ ಮಾವ, ಅಂದರೆ ನನ್ನ ಗಂಡನ ಅಪ್ಪ, ಅಜ್ಜನ ಕಾಲದ ಕೋವಿ ತಂದರು. ನಾನೂ ಜೊತೆಗಿದ್ದೆ. ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ ದೊಡ್ಡಪ್ಪ, ಇದು ಸವೆದಿದೆ, ಇನ್ನು ಗೋಡೆಗೆ ತೂಗುಹಾಕಿ ಎಂದರು. ಮಾವ ಒಪ್ಪಲಿಲ್ಲ. ಹಾಗಾದರೆ ಮರವೇ ಹೇಳಲಿ ಎಂದು ದೊಡ್ಡಪ್ಪ ಹಗ್ಗ ತೆಗೆದರು. ಮಾವನ ಮುಖ ಕೆಂಪಾಯಿತು.

"ನಮ್ಮನೆ ಕೋವಿ ಎಂತ ದನವಾ, ಕಟ್ಟಿ ಹಾಕುಕೆ? ಕೊಡಿ ಇಲ್ಲಿ, ನಾನೇ ಹೊಡಿತೆ."

ಆ ಮನೆಯಲ್ಲಿ ಬಾಳಬೇಕಾದವಳು ನಾನು. ಇದೊಂದು ಸಲ ಬಿಟ್ಟುಬಿಡಿ ಎಂದು ದೊಡ್ಡಪ್ಪನ ಬಳಿ ಗೋಗರೆದೆ. ಅವರು ಗಂಟು ಬಿಗಿಯುತ್ತ, "ನೀನು ಬೈಸ್ಕೊ ಮಗಾ. ಬೈಗುಳ ಮೈಯೊಳಗೆ ಹೊಗೂದಿಲ್ಲ" ಎಂದರು. ಬಂದ ಸಿಟ್ಟಿಗೆ ಅವರನ್ನೇ ಆ ಮರಕ್ಕೆ ಕಟ್ಟಬೇಕು ಅನ್ನಿಸಿತ್ತು.

ಹಗ್ಗ ಎಳೆದರು. ಗೋಡೆಯ ಆಚೆ ಹೋಗಿ ನೋಡಿದರೆ ನಳಿಗೆ ಬುಡದಲ್ಲೇ ಸೀಳಿತ್ತು. ಕಬ್ಬಿಣದ ಚೂರೊಂದು ಹಲಸಿನ ಮರದೊಳಗೆ ಹೊಕ್ಕು ಕೂತಿತ್ತು. ಗುರಿ ಹಿಡಿದವನ ಕೆನ್ನೆ ಇರುವ ಜಾಗವೇ ಅದು. ಮಾವ ತಮ್ಮ ಕೆನ್ನೆ ಸವರಿಕೊಂಡರು. ದೊಡ್ಡಪ್ಪ ಹಗ್ಗ ಸುತ್ತಿಟ್ಟು, "ಬನ್ನಿ ಬೀಗ್ರೆ, ಚಾ ಆತು" ಎಂದರು. ಆಮೇಲೆ ಆ ವಿಷಯವನ್ನು ಅವರು ಎಂದೂ ಎತ್ತಲಿಲ್ಲ.

ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಮಂಡಿನೋವಿನ ಮಾವ ಹಟ ಹಿಡಿದು ಬಸ್ಸು ಹತ್ತಿ ಬಂದರು. ಕಷ್ಟಪಟ್ಟು ಬಗ್ಗಿ, ನಾವು ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ಆ ನೀಲಿ ಚುಕ್ಕೆಗಳನ್ನು ಮುಟ್ಟಿದರು.

ಈಗಲೂ ಬೆಳಿಗ್ಗೆ ಮಾವ ಜಗಲಿಯಲ್ಲಿ ಕೂತು, ಅಂದು ಆ ಮರ ಉಳಿಸಿಕೊಟ್ಟ ಕಣ್ಣುಗಳಿಂದ ಪೇಪರನ್ನು ಗಟ್ಟಿಯಾಗಿ ಓದುತ್ತಾರೆ. ಅದು ಕಿವಿಗೆ ಬಿದ್ದಾಗೆಲ್ಲ ಒಳಗೆ ಒಲೆ ಮುಂದೆ ನಿಂತ ನನಗೆ ದೊಡ್ಡಪ್ಪನ ನೆನಪಾಗಿ ಕಣ್ಣು ತುಂಬುತ್ತದೆ.