ಬೋರಿನ ನೀರು, ಗಿರಿಜೆಯ ನಗು

ನನ್ನ ಹೆಂಡತಿ ಗಿರಿಜೆ ನನ್ನ ಜೋಕಿಗೆ ನಗುವುದನ್ನು ನಿಲ್ಲಿಸಿದಳು. ಕಾಯಿಲೆ ಶುರುವಾದದ್ದು ಹಾಗೆ. ಆದರೆ ಹೆಂಡತಿ ನಗಲಿಲ್ಲವೆಂದು ಯಾವ ಗಂಡ ಡಾಕ್ಟರ ಹತ್ತಿರ ಓಡುತ್ತಾನೆ? ನಾನು ಮುನಿಸಿಕೊಂಡೆ.

ಅದೇನು ನಿನ್ನೆ ಮೊನ್ನೆಯ ಜೋಕಲ್ಲ. ಮದುವೆಯಾದಾಗಿನಿಂದ ಮನೆಗೆ ಬಂದವರಿಗೆಲ್ಲ ಹೇಳುತ್ತ ಬಂದದ್ದು. ಹೆಣ್ಣು ನೋಡಲು ನಾನು ತಿಪಟೂರಿಗೆ ಹೋದ ದಿನ ಅವರು ಕೊಟ್ಟ ಉಪ್ಪಿಟ್ಟಿಗೆ ತಾಯಿಯೂ ಉಪ್ಪು ಹಾಕಿದ್ದರು, ಮಗಳೂ ಹಾಕಿದ್ದಳು. ಇದು ಗಂಡಿಗೆ ಒಡ್ಡಿದ ಪರೀಕ್ಷೆ ಇರಬೇಕೆಂದು ನಾನು ಎರಡು ತಟ್ಟೆ ತಿಂದು, ಊರಿಗೆ ಹಿಂತಿರುಗಿ ಒಂದು ಕೊಡ ನೀರು ಕುಡಿದೆ. ಕೊಡ ಎನ್ನುವಷ್ಟರಲ್ಲಿ ಗಿರಿಜೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತ, "ಕೊಡ ಅಲ್ಲ, ಎರಡು ಚೊಂಬು. ಅದೂ ನಮ್ಮನೇಲೇ," ಎಂದು ತಿದ್ದಬೇಕು. ಆಮೇಲೆ ಬಂದವರು ನಗಬೇಕು. ನಮ್ಮಿಬ್ಬರ ಕಾರ್ಯಕ್ರಮ ನಡೆಯುತ್ತಿದ್ದದ್ದೇ ಹಾಗೆ.

ಚೆನ್ನೈನ ವಡಪಳನಿಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಊಟವಾದ ಮೇಲೆ ನಾನು ಉಪ್ಪಿಟ್ಟಿನ ಕಥೆ ತೆಗೆದೆ. ಕೊಡದವರೆಗೂ ಬಂದೆ. ಪಕ್ಕದಿಂದ ಸದ್ದಿಲ್ಲ. ತಿರುಗಿ ನೋಡಿದರೆ ಗಿರಿಜೆ ಪಾಸ್‌ಪೋರ್ಟ್ ಫೋಟೋಕ್ಕೆ ಕೂತವಳಂತೆ ಕೂತಿದ್ದಳು. ಅಂಬತ್ತೂರಿನ ನಮ್ಮ ಮನೆಗೆ ವಾಪಸು ಬರುವವರೆಗೂ ನಾನು ಅವಳೊಡನೆ ಮಾತಾಡಲಿಲ್ಲ. ಅವಳೂ ಆಡಲಿಲ್ಲ. ನನ್ನದು ಸಿಟ್ಟು. ಅವಳದು ಕಾಯಿಲೆ. ನನಗೆ ತಿಳಿಯಲಿಲ್ಲ.

ಆಮೇಲೆ ಒಂದೊಂದೇ ಕಾಣಿಸತೊಡಗಿತು. ನಡೆಯುವಾಗ ಕೈ ಬೀಸುವುದು ನಿಂತಿತು. ಹೆಜ್ಜೆ ಚಿಕ್ಕದಾಯಿತು. ಅಡುಗೆಮನೆಯಲ್ಲಿ ಹಿಂದಕ್ಕೆ ತಿರುಗಬೇಕಾದರೆ ಇಡೀ ಮೈಯನ್ನು ಒಟ್ಟಿಗೆ ತಿರುಗಿಸುತ್ತಿದ್ದಳು. ದನಿ ಎಷ್ಟು ಇಳಿಯಿತೆಂದರೆ, ಪಕ್ಕದ ಕೋಣೆಯಿಂದ ಕರೆದರೆ ಕೇಳುತ್ತಲೇ ಇರಲಿಲ್ಲ. ಕೋಡಂಬಾಕ್ಕಂನಲ್ಲಿರುವ ನಮ್ಮ ಮಗಳು ಶೈಲಾ ಒಂದು ಭಾನುವಾರ ಬಂದವಳು ನನ್ನನ್ನು ಬಾಗಿಲ ಹೊರಗೆ ಕರೆದು, "ಅಪ್ಪಾ, ಅಮ್ಮಾವುಕ್ಕು ಎನ್ ಮೇಲ ಕೋಬಮಾ?" ಎಂದು ಕೇಳಿದಳು. ನಾವು ಕನ್ನಡದಲ್ಲಿ ಕೇಳಿದರೂ ಅವಳು ಉತ್ತರಿಸುವುದು ತಮಿಳಿನಲ್ಲೇ. ಅಮ್ಮನಿಗೆ ತನ್ನ ಮೇಲೆ ಕೋಪವೇ ಎಂಬ ಅನುಮಾನ ಅವಳಿಗೂ ಬಂದಿತ್ತು.

"ನಿನ್ ಮೇಲಲ್ಲ ಕಣೇ, ನನ್ ಮೇಲೆ," ಎಂದೆ. ಗಿರಿಜೆಯನ್ನು ತೋರಿಸಿದಾಗ ಬಡಾವಣೆಯ ಡಾಕ್ಟರು ವಯಸ್ಸು ಎಂದರು, ರಕ್ತ ಕಡಿಮೆ ಎಂದರು, ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದು ಹೊಟ್ಟೆಗೆ ಆಗುವುದಿಲ್ಲವೆಂದು ಅವಳು ಬಿಟ್ಟಳು. ನಾನೂ ಒತ್ತಾಯಿಸುವುದನ್ನು ಬಿಟ್ಟೆ.

ಒಂದು ಬೆಳಿಗ್ಗೆ ಗಿರಿಜೆ ಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ, ಬಲಗೈಯಲ್ಲಿ ಗಿಂಡಿ. ನಾನು ಪೇಪರು ಓದುತ್ತಿದ್ದೆ.

ಲಿಂಗ ಕೈಯಿಂದ ಜಾರಿ ಬಿತ್ತು.

ನಮ್ಮಲ್ಲಿ ಅದು ಸಣ್ಣ ಮಾತಲ್ಲ. ಕೊರಳಿಗೆ ಬಂದ ದಿನದಿಂದ ಅವಳು ಲಿಂಗವನ್ನು ನೆಲಕ್ಕೆ ಸೋಕಿಸಿದವಳಲ್ಲ. ನಾನು ಓಡಿಹೋಗಿ ನೋಡಿದೆ. ಅಂಗೈ ಇನ್ನೂ ಚಾಚಿಕೊಂಡೇ ಇತ್ತು, ಬೆರಳುಗಳು ಮಡಚಲು ಆಗದೆ ನಡುಗುತ್ತಿದ್ದವು. ಮುಖದಲ್ಲಿ ಏನೂ ಇಲ್ಲ. ಹುಬ್ಬು ಕೂಡ ಅಲುಗಲಿಲ್ಲ. ಆದರೆ ಆ ಮುಖದ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಅಳುವ ಮುಖವಿಲ್ಲದೆ ಕಣ್ಣೀರು ಬರುವುದನ್ನು ನಾನು ಮೊದಲ ಸಲ ನೋಡಿದೆ, ಆಗ ನನಗೆ ನಿಜವಾಗಿ ಭಯವಾಯಿತು.

ಅದೇ ವಾರ ನ್ಯೂರಾಲಜಿಸ್ಟರನ್ನು ಕಂಡೆವು. ತಾಳ್ಮೆಯ ಮನುಷ್ಯ. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಎಂದರು. ನಡೆದು ತೋರಿಸಿ ಎಂದರು. ಸ್ವಲ್ಪ ನಗಿ ಎಂದರು. ಗಿರಿಜೆ ಪ್ರಯತ್ನಪಟ್ಟಳು. ತುಟಿಯ ಒಂದು ತುದಿ ಸ್ವಲ್ಪ ಎದ್ದು ಅಲ್ಲೇ ನಿಂತಿತು. ಪಾರ್ಕಿನ್ಸನ್ಸ್ ತರಹ ಕಾಣುತ್ತದೆ, ಆದರೆ ಅದೇ ಎಂದು ಹೇಳಲಾರೆ ಎಂದರು. ಮಾತ್ರೆ ಕೊಟ್ಟರು. ಅದರಿಂದ ಏನೂ ಹೆಚ್ಚು ಕಡಿಮೆಯಾಗಲಿಲ್ಲ. ಎಂಆರ್‌ಐ ಬರೆದರು.

ಚಿತ್ರವನ್ನು ಕಂಪ್ಯೂಟರಿನಲ್ಲಿ ನಮಗೂ ತೋರಿಸಿದರು. ಮೆದುಳಿನ ಆಳದಲ್ಲಿ, ನಡುವಿನಿಂದ ಎಡಕ್ಕೊಂದು ಬಲಕ್ಕೊಂದು, ಬೂದು ಬಣ್ಣ ಇರಬೇಕಾದಲ್ಲಿ ಎರಡು ಬೆಳ್ಳನೆಯ ಮಚ್ಚೆ. ಯಾರೋ ವಿಭೂತಿ ಅದ್ದಿದ ಬೆರಳು ಒತ್ತಿದ ಹಾಗೆ.

"ಇವರು ವೆಲ್ಡಿಂಗ್ ಕೆಲಸ ಮಾಡಿದ್ದುಂಟಾ?" ಎಂದು ಡಾಕ್ಟರು ಕೇಳಿದರು.

"ನಮ್ಮ ಎರಡು ಮನೆತನ ಬೆಸೆದದ್ದು ಬಿಟ್ಟರೆ ಬೇರೇನೂ ಇಲ್ಲ ಡಾಕ್ಟರ್," ಎಂದೆ. ಅವರು ನಕ್ಕರು. ನಾನು ಗಿರಿಜೆಯ ಕಡೆ ನೋಡಿದೆ. ಅಭ್ಯಾಸಬಲ.

ಮ್ಯಾಂಗನೀಸ್ ಎಂಬ ಲೋಹ ಅಲ್ಲಿ ಸೇರಿಕೊಂಡರೆ ಚಿತ್ರ ಹೀಗೆ ಬರುತ್ತದಂತೆ. ಸಾಮಾನ್ಯವಾಗಿ ಅದರ ಹೊಗೆ ಕುಡಿಯುವ ಕಾರ್ಮಿಕರಲ್ಲಿ, ಇಲ್ಲವೆ ಲಿವರ್ ಕೆಟ್ಟವರಲ್ಲಿ. ಇವಳ ಲಿವರ್ ಸರಿ ಇತ್ತು. ರಕ್ತದಲ್ಲಿ ಮಾತ್ರ ಮ್ಯಾಂಗನೀಸ್ ಜಾಸ್ತಿ ಇತ್ತು. ಡಾಕ್ಟರು ಪೆನ್ನು ಕೆಳಗಿಟ್ಟು, ಮನೆಯಲ್ಲಿ ಯಾವ ನೀರು ಕುಡಿಯುತ್ತೀರಿ ಎಂದರು.

"ಕ್ಯಾನ್ ನೀರು," ಎಂದೆ. ಚೆನ್ನೈನಲ್ಲಿ ಇನ್ನೇನು ಕುಡಿಯುತ್ತಾರೆ?

ಗಿರಿಜೆ ನಿಧಾನವಾಗಿ ಕೈ ಎತ್ತಿದಳು. ಡಾಕ್ಟರು ಕುರ್ಚಿ ಮುಂದಕ್ಕೆಳೆದುಕೊಂಡು ಕಿವಿ ಕೊಟ್ಟರು. "ನಾನಲ್ಲ," ಎಂದಳು.

ನನಗೆ ಗೊತ್ತಿದ್ದ ವಿಷಯವೇ. ಕಣ್ಣೆದುರೇ ನಡೆಯುತ್ತಿದ್ದದ್ದು. ಲಿಂಗಕ್ಕೆ ಅರ್ಪಿಸದ ನೀರನ್ನು ಗಿರಿಜೆ ಕುಡಿಯುವುದಿಲ್ಲ. ಎಲ್ಲೋ ಕಾರ್ಖಾನೆಯಲ್ಲಿ ತುಂಬಿ, ಯಾರ್ಯಾರೋ ಉರುಳಿಸಿ ತರುವ ಪ್ಲಾಸ್ಟಿಕ್ ಕ್ಯಾನಿನ ನೀರನ್ನು ಲಿಂಗದ ಮೇಲೆ ಹಾಕಲು ಅವಳಿಗೆ ಮನಸ್ಸಿಲ್ಲ. ನಗರದ ಮೆಟ್ರೋ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಸ್ನಾನ ಮಾಡಿ, ಹಿತ್ತಲಿನ ಬೋರ್‌ವೆಲ್ಲಿನಿಂದ ತಾನೇ ನೀರು ಹಿಡಿದು, ನಾಲ್ಕು ಪದರ ಬಟ್ಟೆಯಲ್ಲಿ ಸೋಸಿ, ಪೂಜೆಗೆ ಇಟ್ಟು, ದಿನವಿಡೀ ಅದನ್ನೇ ಕುಡಿಯುವುದು. ತನ್ನ ಅಡುಗೆಯೂ ಅದರಲ್ಲೇ, ನನ್ನದಕ್ಕೆ ಕ್ಯಾನ್ ನೀರು. ಅಂಬತ್ತೂರಿನಲ್ಲಿ ಈ ಮನೆ ಕಟ್ಟಿದಾಗಿನಿಂದ ನಡೆದು ಬಂದ ಕ್ರಮ ಇದು. ನನಗೆ ವಿಮಾ ಕಚೇರಿಯಲ್ಲಿ ಕ್ಯಾನ್ ನೀರಿನ ರುಚಿ ಹತ್ತಿತ್ತು. ನಿವೃತ್ತಿಯ ಮೇಲೂ ಅದೇ. ಸೋಸುವ ಬಟ್ಟೆ ಕಂದು ಕಪ್ಪಾಗಿ, ಎಷ್ಟು ಒಗೆದರೂ ಕಲೆ ಬಿಡುತ್ತಿರಲಿಲ್ಲ. "ನಿನ್ನ ನೀರಿಗೆ ಸಕ್ಕರೆ ಹಾಕಿದ್ರೆ ಕಾಫಿ ಆಗತ್ತೆ," ಎಂದು ರೇಗಿಸುತ್ತಿದ್ದೆ. "ಕೊಳೆ ಬಟ್ಟೇಲಿ ಉಳೀತು, ನೀರು ಚೊಕ್ಕ ಆಯ್ತಲ್ಲ," ಎನ್ನುತ್ತಿದ್ದಳು.

ಅದನ್ನೆಲ್ಲ ಕೇಳಿದ ಡಾಕ್ಟರು ಬೈಯಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆಗ. "ನಾಳೆಯಿಂದ ಅದನ್ನು ಕುಡಿಯಬೇಡಿ ಅಮ್ಮ," ಎಂದರು ಅಷ್ಟೆ. ಅಂತರ್ಜಲದಲ್ಲಿರುವ ಲೋಹಗಳು ಮೆದುಳಿಗೆ ಏನು ಮಾಡುತ್ತವೆ ಎಂದು ಸಂಶೋಧನೆ ಮಾಡುತ್ತಿದ್ದ ಒಬ್ಬ ಮಹಿಳೆಗೆ ಫೋನ್ ಮಾಡಿದರು.

ಆಕೆಯ ಹೆಸರು ಮಲರ್. ನಲವತ್ತರ ಆಸುಪಾಸು. ಬಾಟಲಿಗಳ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಬೋರಿನ ನೀರು, ಸೋಸಿದ ನೀರು, ಕ್ಯಾನಿನ ನೀರು, ಮೂರನ್ನೂ ಬೇರೆ ಬೇರೆ ತುಂಬಿಕೊಂಡರು. ಬಟ್ಟೆಯನ್ನೂ ಕೇಳಿದರು. ಗಿರಿಜೆ ಅದನ್ನು ಮಡಚಿ ಕೊಟ್ಟಳು. ವರದಿ ಬಂದಾಗ ಬೋರಿನ ನೀರಿನಲ್ಲಿ ಮ್ಯಾಂಗನೀಸ್ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಇತ್ತು. ಸೋಸಿದ ನೀರಿನಲ್ಲೂ ಬಹುಪಾಲು ಅಷ್ಟೇ. ಬಟ್ಟೆಯಲ್ಲಿ ನಿಂತದ್ದು ಕಣ್ಣಿಗೆ ಕಾಣುವ ಕೊಳೆ ಮಾತ್ರ. ಕರಗಿದ ಲೋಹ ಹಾಗೇ ಇಳಿದುಹೋಗಿತ್ತು.

ಅದು ಕಾರ್ಖಾನೆಗಳ ಕೊಳೆಯೇ ಎಂದು ಕೇಳಿದೆ. ನನಗೆ ಯಾರನ್ನಾದರೂ ಬೈಯಬೇಕಾಗಿತ್ತು. ಮಲರ್ ತಮಿಳಿನಲ್ಲೇ ಬಿಡಿಸಿ ಹೇಳಿದರು. ಕಾರ್ಖಾನೆಯದೂ ಇರಬಹುದು, ನೆಲದೊಳಗಿನ ಕಲ್ಲಿನದೂ ಇರಬಹುದು, ಬೀದಿಯ ಉಳಿದ ಬೋರುಗಳನ್ನೂ ನೋಡದೆ ಹೇಳುವುದು ತಪ್ಪಾಗುತ್ತದೆ. ಇಂಥ ನೀರು ಕುಡಿದವರಿಗೆಲ್ಲ ಹೀಗಾಗುವುದಿಲ್ಲ. ಮೈಯಲ್ಲಿ ಕಬ್ಬಿಣ ಕಡಿಮೆ ಇದ್ದರೆ ಕರುಳು ಮ್ಯಾಂಗನೀಸನ್ನು ಹೆಚ್ಚು ಹೀರಿಕೊಳ್ಳುತ್ತದೆ. ಗಿರಿಜೆಗೆ ಮೊದಲಿಂದಲೂ ರಕ್ತ ಕಡಿಮೆ, ಮೇಲೆ ಸೋಮವಾರದ ಉಪವಾಸ. ಎರಡೂ ಸೇರಿರಬಹುದು ಎಂದರು. ಎಲ್ಲದಕ್ಕೂ 'ಇರಬಹುದು' ಎನ್ನುವ ಅವರ ರೀತಿ ಮೊದಲು ಕಿರಿಕಿರಿಯಾಯಿತು. ಬರಬರುತ್ತ ನಂಬಿಕೆ ಹುಟ್ಟಿಸಿದ್ದೂ ಅದೇ.

ಆಮೇಲೆ ಅವರು ನನ್ನ ಕಡೆ ತಿರುಗಿದರು. ಒಂದೇ ಮನೆ, ಒಂದೇ ಗಾಳಿ, ನೀರು ಮಾತ್ರ ಬೇರೆ. ಹೋಲಿಸಿ ನೋಡಲು ನಿಮ್ಮ ಮೆದುಳಿನ ಎಂಆರ್‌ಐ ಮಾಡಬಹುದೇ, ಇಷ್ಟವಿಲ್ಲದಿದ್ದರೆ ಬೇಡ ಎಂದರು.

"ಅದರಲ್ಲಿ ಮೆದುಳು ಸಿಗದೇ ಹೋದ್ರೆ ನನ್ನ ಬೈಬೇಡಿ," ಎಂದು ಒಪ್ಪಿಕೊಂಡೆ.

ಯಂತ್ರದೊಳಗೆ ಮಲಗಿದಾಗ ಜೋಕು ಮರೆತುಹೋಯಿತು. ತಲೆಗೆ ಪಂಜರದಂಥದು, ಕಿವಿಗೆ ಹತ್ತಿ, ಸುತ್ತ ಬಡಿಯುವ ಸದ್ದು. ಅಲುಗಬಾರದು. ಗಿರಿಜೆ ಇದರೊಳಗೆ ಒಬ್ಬಳೇ ಮಲಗಿದ್ದಾಗ ನಾನು ಹೊರಗೆ ಟೀ ಕುಡಿಯುತ್ತಿದ್ದೆ. ನನಗೂ ಆ ಮಚ್ಚೆ ಇರಲಿ ಎಂದು ಒಂದು ಗಳಿಗೆ ಅನಿಸಿತು. ಇಬ್ಬರಿಗೂ ಇದ್ದರೆ ಜೊತೆಗೆ ಅನುಭವಿಸಬಹುದಲ್ಲ. ಹುಚ್ಚು ಯೋಚನೆ, ಆದರೆ ಬಂತು.

ನನ್ನ ಮೆದುಳು ಚೊಕ್ಕವಾಗಿತ್ತು.

ಮಲರ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ನಾನು ಗಿರಿಜೆಯ ಕೈ ಹಿಡಿದುಕೊಂಡೆ. ಮನೆಗೆ ಬಂದ ಮೇಲೆ ಅವಳು ತುಂಬ ಹೊತ್ತು ಕೊರಳಿನ ಲಿಂಗದ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಕೊನೆಗೆ, "ಆತನಿಗೆ ಕೊಟ್ಟ ನೀರು ಹೆಂಗ್ರೀ ವಿಷ ಆಗತ್ತೆ?" ಎಂದು ಕೇಳಿದಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಲೋಹ ತೆಗೆಯುವ ಚಿಕಿತ್ಸೆ ಶುರುವಾಗಿತ್ತು, ಕಬ್ಬಿಣವನ್ನೂ ಡ್ರಿಪ್‌ನಲ್ಲೇ ಕೊಟ್ಟರು. ಆದರೆ ಮನೆಯಲ್ಲಿ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಬೋರಿನದು ಕುಡಿಯುವಂತಿಲ್ಲ, ಕ್ಯಾನಿನದು ಅರ್ಪಿಸುವಂತಿಲ್ಲ. ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು. ಶೈಲಾ ಅತ್ತಳು, ನಾನು ಗದರಿದೆ, ಗಿರಿಜೆ ಎರಡಕ್ಕೂ ಮಿಸುಕಲಿಲ್ಲ.

ದಾರಿ ಸಿಕ್ಕಿದ್ದು ಮಲರ್ ಮತ್ತೆ ಬಂದಾಗ. ಬೋರಿನ ನೀರಿಗೆ ಆರ್‌ಒ ಯಂತ್ರ ಹಾಕಿಸಿ ಎಂದು ಅವರು ಹೇಳುತ್ತಿದ್ದರು. ಗಿರಿಜೆ, ಆ ಯಂತ್ರ ನೀರಿಗೆ ಏನು ಮಾಡುತ್ತದೆ ಎಂದು ತನ್ನ ಸಣ್ಣ ದನಿಯಲ್ಲಿ ತಮಿಳಿನಲ್ಲಿ ಕೇಳಿದಳು. ಒಳಗೊಂದು ತೆಳ್ಳನೆಯ ಹಾಳೆ ಇರುತ್ತದೆ, ಅದರ ತೂತುಗಳು ಎಷ್ಟು ಸಣ್ಣವೆಂದರೆ ನೀರು ದಾಟುತ್ತದೆ, ಲೋಹ ದಾಟುವುದಿಲ್ಲ ಎಂದರು ಮಲರ್.

"ಹಂಗಾದ್ರೆ ಅದೂ ಸೋಸೋ ಬಟ್ಟೇನೇ," ಎಂದು ಗಿರಿಜೆ ನನಗೆ ಕನ್ನಡದಲ್ಲಿ ಹೇಳಿದಳು. "ನಂದು ದಪ್ಪದ್ದು ಆಗಿತ್ತು. ಅಷ್ಟೆ."

ಯಂತ್ರ ಬಂತು. ಅವಳು ಅದರ ನೀರನ್ನು ತಾನೇ ಹಿಡಿದು, ಹೊಸ ಬಿಳಿ ಬಟ್ಟೆಯಲ್ಲಿ ಮತ್ತೊಮ್ಮೆ ಸೋಸಿ, ಲಿಂಗಕ್ಕೆ ಎರೆದು ಕುಡಿಯುತ್ತಾಳೆ. ಲಿಂಗ ಜಾರದಂತೆ ನಾನು ಅವಳ ಅಂಗೈ ಕೆಳಗೆ ನನ್ನ ಅಂಗೈ ಹಿಡಿಯುತ್ತೇನೆ. ಪೇಪರು ಕಾಯುತ್ತದೆ. ಬಟ್ಟೆ ಇನ್ನೂ ಬೆಳ್ಳಗೇ ಇದೆ.

ಫಿಸಿಯೋಥೆರಪಿಯವರು ಮುಖಕ್ಕೂ ವ್ಯಾಯಾಮ ಹೇಳಿಕೊಟ್ಟರು. ದಿನಾ ಕನ್ನಡಿಯ ಮುಂದೆ ಇಬ್ಬರೂ ನಿಂತು ಹುಬ್ಬು ಏರಿಸುವುದು, ಕೆನ್ನೆ ಊದಿಸುವುದು, ಹಲ್ಲು ತೋರಿಸುವುದು. ಜೊತೆಗಿರಲಿ ಎಂದು ನಾನೂ ಮಾಡಿದೆ. ಎದುರು ಮನೆಯಾಕೆ ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡರು. ತಿಂಗಳುಗಳು ಕಳೆದವು. ನಡಿಗೆ ಸ್ವಲ್ಪ ಸಡಿಲವಾಯಿತು. ರೊಟ್ಟಿ ತಟ್ಟುವಷ್ಟು ಕೈ ಬಂತು. ಮುಖ ಮಾತ್ರ ಹಾಗೇ ಇತ್ತು.

ಮತ್ತೊಂದು ಎಂಆರ್‌ಐ ಆಯಿತು. ಮಚ್ಚೆಗಳು ಮಾಸಿದ್ದವು. ಹುಡುಕಿದರೂ ನನ್ನ ಕಣ್ಣಿಗೆ ಸಿಗಲಿಲ್ಲ. ನಾನು ಡಾಕ್ಟರ ಕೈ ಹಿಡಿದು ಕುಲುಕಿದೆ, ಇನ್ನೇನು ಅವಳು ಮೊದಲಿನಂತೆ ಆಗುತ್ತಾಳಲ್ಲ ಎಂದೆ.

ಡಾಕ್ಟರು ಬಿಡಿಸಿ ಹೇಳಿದರು. ಲೋಹ ಹೋಗಿದೆ, ಅದು ಒಳ್ಳೆಯ ಸುದ್ದಿ. ಆದರೆ ಅದು ಇದ್ದಷ್ಟು ದಿನ ಏನನ್ನು ಕೆಡಿಸಿತೋ ಅದು ಈ ಚಿತ್ರದಲ್ಲಿ ಕಾಣುವುದಿಲ್ಲ. ಇನ್ನೂ ಸುಧಾರಿಸಬಹುದು. ಇಷ್ಟಕ್ಕೇ ನಿಲ್ಲಲೂಬಹುದು.

ನಗು ಬಾರದೇ ಹೋಗಬಹುದು.

ಇದನ್ನು ಅವರು ಹೇಳಲಿಲ್ಲ. ನಾನೇ ಕೇಳಿಸಿಕೊಂಡೆ. ಆಟೋದಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ. ಅವಳ ಜೀವ ಉಳಿದಿದೆ, ನಡೆಯುತ್ತಾಳೆ, ಪೂಜೆ ಮಾಡುತ್ತಾಳೆ, ಇನ್ನೇನು ಬೇಕು ಎಂದು ನನಗೇ ಹೇಳಿಕೊಂಡೆ. ನನಗೆ ಆ ನಗು ಬೇಕಾಗಿತ್ತು. ಅದಿಲ್ಲದ ಮನೆಯಲ್ಲಿ ಇರುವುದು ಹೇಗೆಂದು ತಿಳಿಯುತ್ತಿರಲಿಲ್ಲ.

ಕಳೆದ ವಾರ ಮಲರ್ ಬಂದಿದ್ದರು. ಬೀದಿಯ ಇನ್ನಷ್ಟು ಮನೆಗಳ ನೀರು ತೆಗೆದುಕೊಂಡು ಹೋಗಲು ಬಂದವರನ್ನು ಗಿರಿಜೆಯೇ ಊಟಕ್ಕೆ ನಿಲ್ಲಿಸಿಕೊಂಡಳು. ಬೆಳಗಿನ ಉಪ್ಪಿಟ್ಟು ಮಿಕ್ಕಿತ್ತು, ಅದನ್ನೂ ಬಡಿಸಿದಳು. ಉಪ್ಪಿಟ್ಟು ಕಂಡ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ನಿಶ್ಚಿತಾರ್ಥದ ದಿನದಿಂದ ಹೇಳದೆ ಬಿಟ್ಟಿದ್ದ ಕಥೆಯನ್ನು ತಮಿಳಿನಲ್ಲಿ ತೆಗೆದೆ. ತಾಯಿ ಹಾಕಿದ ಉಪ್ಪು, ಮಗಳು ಹಾಕಿದ ಉಪ್ಪು, ಎರಡು ತಟ್ಟೆ, ಊರಿಗೆ ಹೋಗಿ ಒಂದು ಕೊಡ ನೀರು.

ಬಳೆ ಸದ್ದಾಯಿತು.

ಗಿರಿಜೆ ಗೋಡೆಗೆ ಒರಗಿ ಕೂತಿದ್ದಳು. ಮುಖ ಎಂದಿನಂತೆ ಇತ್ತು. ಹೊಟ್ಟೆ ಮಾತ್ರ ಕುಲುಕುತ್ತಿತ್ತು, ಅದರ ಮೇಲಿದ್ದ ಕೈಯ ಗಾಜಿನ ಬಳೆಗಳು ಒಂದಕ್ಕೊಂದು ತಾಗುತ್ತಿದ್ದವು.

"ಕೊಡ ಅಲ್ಲ," ಎಂದಳು, ನಿಧಾನವಾಗಿ. "ಎರಡು ಚೊಂಬು. ನಮ್ಮನೇಲೇ."

ಮಲರ್ ನಗುತ್ತಿದ್ದರು. ನನಗೆ ನಗಲಾಗಲಿಲ್ಲ. ಅವಳ ಹತ್ತಿರ ಹೋಗಿ ಕೂತು, "ನಕ್ಕೇನೇ ನೀನು?" ಎಂದು ಕೇಳಿದೆ.

"ಅವತ್ತು ವಡಪಳನೀಲೂ ನಕ್ಕಿದ್ದೆ ರೀ," ಎಂದಳು. "ನೀವು ಮುಖ ನೋಡಿ ಸಿಟ್ಟು ಮಾಡ್ಕೊಂಡ್ರಿ."

ಈಗ ನಾನು ಜೋಕು ಹೇಳುವಾಗ ಅವಳ ಕೈ ಹಿಡಿದುಕೊಂಡೇ ಹೇಳುತ್ತೇನೆ.