ಚನ್ನಬಸವಯ್ಯನವರ ಚೆಂಡಿನ ಲೇಸು

ಅಗ್ರಹಾರದ ಡ್ರಿಲ್ ಮೇಷ್ಟ್ರು ಚನ್ನಬಸವಯ್ಯನವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇಬ್ಬರೂ ಒಂದೇ ವರ್ಷ ಫುಟ್‌ಬಾಲ್ ರೆಫರಿ ಪರೀಕ್ಷೆ ಪಾಸು ಮಾಡಿದವರು. ನಿಯಮದ ಪುಸ್ತಕ ನನಗೆ ಬಾಯಿಪಾಠ. ಅವರು ಅದನ್ನು ಎಲ್ಲಿಟ್ಟಿದ್ದರೋ ಅವರಿಗೇ ಗೊತ್ತಿರಲಿಲ್ಲ. ಆದರೂ ಶಾಲಾ ಹುಡುಗರ ಪಂದ್ಯಾವಳಿಯ ಫೈನಲ್‌ಗೆ ಸತತ ಆರು ವರ್ಷ ಸೀಟಿ ಊದಿದವರು ಅವರು. ನಾನು ಗೆರೆಯ ಪಕ್ಕ ಬಾವುಟ ಹಿಡಿದು ಓಡಿದೆ.

ಪಂದ್ಯಗಳು ನಡೆಯುತ್ತಿದ್ದುದು ಏಪ್ರಿಲ್ ಬಿಸಿಲಿನಲ್ಲಿ, ಲಕ್ಷ್ಮೀಪುರಂ ಹತ್ತಿರದ ಬಯಲಿನಲ್ಲಿ, ಮಧ್ಯಾಹ್ನ ಮೂರಕ್ಕೆ. ಆಟದ ನಡುವೆ ನೀರು ಕುಡಿದರೆ ಪಕ್ಕೆ ಹಿಡಿಯುತ್ತದೆಂದು ಕಮಿಟಿಯವರ ನಂಬಿಕೆ, ಹಾಗಾಗಿ ನಿಲ್ಲಿಸುವಂತಿಲ್ಲ. ಚನ್ನಬಸವಯ್ಯನವರು ವಾದಕ್ಕೆ ಹೋಗಲಿಲ್ಲ. ಆಗಿನ ತೊಗಲಿನ ಚೆಂಡಿಗೆ ಬೂಟಿನಂತೆ ಲೇಸು ಕಟ್ಟಬೇಕಿತ್ತು. ಅವರು ಆಡಿಸಿದ ಪಂದ್ಯಗಳಲ್ಲಿ ಮಾತ್ರ ಅದು ತಪ್ಪದೆ ಬಿಚ್ಚಿಕೊಳ್ಳುತ್ತಿತ್ತು. ಅವರು ಮಂಡಿಯೂರಿ ನಿಧಾನವಾಗಿ ಮತ್ತೆ ಕಟ್ಟುವಷ್ಟರಲ್ಲಿ ಹುಡುಗರು ಹೊಂಗೆ ಮರದಡಿ ಕೂತು, ಅವರ ಹೆಂಡತಿ ಪುಟ್ಟಬಸಮ್ಮ ಕಳಿಸಿದ ಉಪ್ಪು ಮಜ್ಜಿಗೆ ಕುಡಿದು, ತಲೆಗೆ ನೀರು ಸುರಿದುಕೊಳ್ಳುತ್ತಿದ್ದರು. ಮಕ್ಕಳೆಲ್ಲ ಅವರಿಗೇ ಅಂಟಿಕೊಂಡಿದ್ದು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ಅವರ ಹೆಬ್ಬೆರಳು ಲೇಸು ಸಡಿಲಿಸುವುದನ್ನು ಕಣ್ಣಾರೆ ಕಂಡೆ. ಅಂದೇ ಕಮಿಟಿಯ ಕಾರ್ಯದರ್ಶಿ ಪ್ರಭುಸ್ವಾಮಿಯ ಹತ್ತಿರ ಚಾಡಿ ಹೇಳಿದೆ. ಐವತ್ತೆಂಟನೇ ಇಸವಿಯ ಫೈನಲ್ ನನ್ನದಾಯಿತು, ಬಾವುಟ ಚನ್ನಬಸವಯ್ಯನವರ ಕೈಗೆ ಹೋಯಿತು.

"ಬಿಸ್ಲು ಜೋರಾಗಿದೆ ನಂಜುಂಡಯ್ನೋರೆ, ಹುಡುಗ್ರ ಮುಖ ನೋಡ್ತಿರಿ," ಅಂದರು. ನನಗೇ ಬುದ್ಧಿ ಹೇಳುತ್ತಾರಲ್ಲ ಎಂದು ಸಿಟ್ಟು ಬಂತು. ಲೇಸಿಗೆ ನಾನೇ ಎರಡು ಗಂಟು ಬಿಗಿದೆ.

ಇಪ್ಪತ್ತು ನಿಮಿಷ ಕಳೆದಿತ್ತು. ಇಲವಾಲದ ಹುಡುಗ ಚೆಲುವರಾಜು ಚೆಂಡನ್ನು ತನ್ನ ಗೋಲಿನ ಕಡೆಗೇ ಒದ್ದ. ಜನ ನಕ್ಕರು. ನಾನು ಅವನ ಮುಖ ನೋಡಿದೆ. ಒಂದು ಹನಿ ಬೆವರಿಲ್ಲ, ತುಟಿ ಬಿಳಚಿಕೊಂಡಿತ್ತು.

"ಲೇಸು ಬಿಚ್ಚೋಗಿದೆ ಕಣ್ರೀ, ವಸಿ ನೋಡಿ," ಚನ್ನಬಸವಯ್ಯನವರು ಗೆರೆಯಿಂದ ಕೂಗಿದರು.

ಚೆಂಡು ಎತ್ತಿಕೊಂಡೆ. ಗಂಟು ಕಲ್ಲಿನಂತಿತ್ತು. ಶಾಮಿಯಾನದಲ್ಲಿ ಕಮಿಟಿ ಕೂತಿತ್ತು. ಚಾಡಿ ಹೇಳಿದವನು ನಾನೇ. ನಿಲ್ಲಿಸಿದರೆ ಮರ್ಯಾದೆ ಹೋಗುತ್ತದೆ, ನಿಲ್ಲಿಸದಿದ್ದರೆ ಹುಡುಗ ಹೋಗುತ್ತಾನೆ. ಶಾಮಿಯಾನಕ್ಕೆ ಬೆನ್ನು ಮಾಡಿ, ಹಲ್ಲಿನಿಂದ ಗಂಟು ಕಿತ್ತು, ಸೀಟಿ ಊದಿದೆ. ಅಷ್ಟರಲ್ಲಿ ಚನ್ನಬಸವಯ್ಯನವರು ಬಾವುಟ ಎಸೆದು ಓಡಿ ಬಂದು, ಕುಸಿದು ಬಿದ್ದ ಹುಡುಗನನ್ನು ನೆರಳಿಗೆ ಎತ್ತಿಕೊಂಡು ಹೋಗಿದ್ದರು. ಒದ್ದೆ ಟವಲು ಹೊದಿಸಿ ಗಾಳಿ ಹಾಕಿದ ಮೇಲೆ ಅವನು ಕಣ್ಣು ಬಿಟ್ಟ.

"ಇದೂ ಅವರ ಕೈಚಳಕ ತಾನೇ?" ಎಂದ ಪ್ರಭುಸ್ವಾಮಿ.

"ಅಲ್ಲ, ನಾನೇ ಬಿಚ್ಚಿದೆ."

"ನೀವು? ಸುಮ್ನಿರ್ರೀ, ಅವರನ್ನ ಉಳಿಸೋಕೆ ಹೇಳ್ತಿದೀರಿ." ನಾನು ಒಳ್ಳೆಯದು ಮಾಡಿದೆನೆಂದರೆ ನಂಬುವವರೇ ಇಲ್ಲ.

ಮರುದಿನ ಹುಡುಗನ ತಂದೆ ಕೆಂಪಯ್ಯ ಒಂದು ಗೊನೆ ರಸಬಾಳೆ ಹೊತ್ತುಕೊಂಡು, ಆಟ ನಿಲ್ಲಿಸಿದ ಮೇಷ್ಟ್ರನ್ನು ಕೇಳುತ್ತ ನೇರವಾಗಿ ಅಗ್ರಹಾರಕ್ಕೆ ಹೋದನಂತೆ. ಸಂಜೆ ಚನ್ನಬಸವಯ್ಯನವರು ಆ ಗೊನೆಯನ್ನು ಹಾಗೇ ಹೊತ್ತು ತಂದು ನಮ್ಮ ಜಗುಲಿಯ ಮೇಲಿಟ್ಟರು.

"ಇದು ನಿಮಗೆ ಸೇರ್ಬೇಕಾದ್ದು. ನೀವೇ ಬಿಚ್ಚಿದ್ದು ಅಂತ ಕೆಂಪಯ್ಯನಿಗೆ ಹೇಳಿ ಕಳ್ಸಿದೀನಿ."

ಒಂದು ಹಣ್ಣನ್ನೂ ಮುರಿದುಕೊಂಡಿರಲಿಲ್ಲ. ಅಲ್ಲೂ ಅವರೇ ಗೆದ್ದರು. ಹಣ್ಣು ಬಹಳ ಸಿಹಿಯಾಗಿತ್ತು. ಹೊಟ್ಟೆಕಿಚ್ಚು ಪಡುತ್ತಲೇ ತಿಂದೆ.